ಸೂಜಿಯಿಲ್ಲದ ತೋರಣ

ಹಬ್ಬವೆಂದರೆ ಮೊದಲು ನೆನಪಾಗುವುದು ಬಾಗಿಲಿನ ತೋರಣ. ಮಾವಿನೆಲೆಯನ್ನು ಹುರಿಯ ಮೇಲೆ ಮಡಚಿ, ತೆಂಗಿನ ಗರಿಯ ಕಡ್ಡಿಯೊಂದನ್ನು ಚುಚ್ಚಿಬಿಟ್ಟರೆ ಮುಗಿಯಿತು. ಅದಕ್ಕೆ ಸೂಜಿಯ ಹಂಗಿಲ್ಲ. ಆ ಮಡಿಕೆಯ ಜಾಣತನವನ್ನು ಬಟ್ಟೆಗೂ ಒಗ್ಗಿಸಬಹುದೆಂಬುದು ನನಗೆ ತಿಳಿದದ್ದು ತಡವಾಗಿ, ಅದೂ ಒಂದು ಸಂಕಟದ ಸಂದರ್ಭದಲ್ಲಿ.

ನಮ್ಮ ತಾಯಿಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹತ್ತು ಹನ್ನೆರಡು ನೂಲಿನ ಸೀರೆಗಳು ಉಳಿದುವು. ಉಡಲಾಗದಷ್ಟು ಹಳೆಯವು, ಎಸೆಯಲು ಮನಸ್ಸು ಬಾರದು. ಎರಡು ವರ್ಷ ಅವು ಹಾಗೆಯೇ ಇದ್ದುವು. ಮೊಮ್ಮಗಳ ನಾಮಕರಣ ಬಂದಾಗ, ಅವುಗಳಿಂದ ಚಪ್ಪರಕ್ಕೆ ಪತಾಕೆಗಳ ತೋರಣ ಮಾಡೋಣವೆಂದೆ. ಅಕ್ಕ ಕೆಂಡವಾದಳು. “ಅಮ್ಮನ ಸೀರೆ ಹರಿಯೋದಕ್ಕೆ ನಿನಗೆ ಕೈಯಾದರೂ ಹೇಗೆ ಬರುತ್ತೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಎರಡು ಸೀರೆಗಳನ್ನು ಕತ್ತರಿಸಿದೆ.

ಹೊಲಿಗೆ ಬಾರದ ನಾನು ಮಾಡಿದ ಕ್ರಮ ಇಷ್ಟೇ. ಬಟ್ಟೆಯನ್ನು ಶಂಕರಪೋಳಿಯ ಆಕಾರದಲ್ಲಿ, ಆದರೆ 15 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಉದ್ದ ಬರುವಂತೆ ಕತ್ತರಿಸಬೇಕು. ನಡುವೆ ಹುರಿಯನ್ನಿಟ್ಟು ಮಡಚಿದರೆ ಎರಡು ತುದಿಗಳೂ ಕೂಡಿ, 20 ಸೆಂಟಿಮೀಟರು ಇಳಿಬೀಳುವ ತ್ರಿಕೋನ ಪತಾಕೆಯಾಗುತ್ತದೆ. ಮಡಚುವ ಮೊದಲು ಒಳಮೈಗೆ ಮೈದಾಹಿಟ್ಟಿನ ಅಂಟನ್ನು ತೆಳುವಾಗಿ ಸವರಬೇಕು. ಅಂಟು ಅಂಚಿನವರೆಗೂ ತಾಗಿದ್ದರೆ ಎಳೆಗಳು ಬೇಗ ಬಿಚ್ಚಿಕೊಳ್ಳುವುದಿಲ್ಲ. ಪತಾಕೆಗಳ ನಡುವೆ 5 ಸೆಂಟಿಮೀಟರು ಬಿಟ್ಟರೆ 10 ಮೀಟರು ಹುರಿಗೆ 50 ಪತಾಕೆಗಳು ಬೇಕಾಗುತ್ತವೆ.

ಹೆಮ್ಮೆಯಿಂದ ಅಂಗಳದಲ್ಲಿ ಕಟ್ಟಿದೆ. ನಾಮಕರಣದ ಹಿಂದಿನ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ನೋಡಿದರೆ ಚಪ್ಪರಕ್ಕೆ ಬರಿಯ ಹುರಿ. ಅಮ್ಮನ ಸೀರೆ ಕೆಸರಿನಲ್ಲಿ. ಹಿಟ್ಟಿನ ಅಂಟು ನೀರಿಗೆ ನಿಲ್ಲದೆಂಬ ಸಾಮಾನ್ಯ ಜ್ಞಾನವೂ ನನಗೆ ಹೊಳೆದಿರಲಿಲ್ಲ. ಮನೆಯೊಳಗೆ ಕಟ್ಟುವ ತೋರಣಕ್ಕಷ್ಟೇ ಅದು ಸರಿ.

ಅಕ್ಕ ಬಂದು ನಿಂತಳು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಒಂದೊಂದಾಗಿ ತುಂಡುಗಳನ್ನು ಹೆಕ್ಕಿ, ತೊಳೆದು ಹರವಿದಳು. ಬಳಿಕ ಟ್ರಂಕಿನಿಂದ ಮತ್ತೊಂದು ಸೀರೆ ತಂದು, ಅಂಚಿಗೆ ಕತ್ತರಿಯಿಂದ ಕಚ್ಚು ಕೊಟ್ಟು, ತಾನೇ ಪರ್ರನೆ ಹರಿದಳು. ನೂಲಿನ ಬಟ್ಟೆ ಎಳೆಯ ಜಾಡು ಹಿಡಿದು ನೇರವಾಗಿ ಹರಿಯುತ್ತದೆ. ಎರಡು ಬೆರಳಗಲದ, ಗೇಣುದ್ದಕ್ಕಿಂತ ಕೊಂಚ ದೊಡ್ಡ ಪಟ್ಟಿಗಳು. ಪಟ್ಟಿಯನ್ನು ನಡುವೆ ಮಡಚಿ, ಮಡಿಕೆಯನ್ನು ಹುರಿಯ ಹಿಂದಿನಿಂದ ಮುಂದಕ್ಕೆ ತಂದು, ಎರಡು ತುದಿಗಳನ್ನೂ ಅದರೊಳಗೆ ತೂರಿಸಿ ಎಳೆದಳು. ಗಂಟು ಬಿಗಿಯಿತು. “ಅಂಟಿಸಿದ್ದು ಬಿದ್ದುಹೋಗುತ್ತೆ ಕಣೋ, ಗಂಟು ಹಾಕು” ಎಂದಳು. ಪುರೋಹಿತರು ಬರುವ ಹೊತ್ತಿಗೆ ಚಪ್ಪರ ತುಂಬಿತ್ತು.

ಎರಡು ಮಾತುಗಳನ್ನು ಸೇರಿಸಬೇಕು. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ ತೋರಣಗಳನ್ನೂ ನಿಷೇಧಿಸಿತು. ಹಳೆಯ ಬಟ್ಟೆಗೆ ಅದು ತೆರೆದುಕೊಟ್ಟ ಬಾಗಿಲೆಂದೇ ಭಾವಿಸಬಹುದು. ಇನ್ನೊಂದು, ಸ್ವಾತಂತ್ರ್ಯೋತ್ಸವದ ಉತ್ಸಾಹದಲ್ಲಿ ರಾಷ್ಟ್ರಧ್ವಜವನ್ನೇ ಸರದಂತೆ ಪೋಣಿಸುವುದುಂಟು. 2002ರ ಧ್ವಜಸಂಹಿತೆ ಅದಕ್ಕೆ ಅವಕಾಶ ಕೊಡುವುದಿಲ್ಲ; ಧ್ವಜ ಅಲಂಕಾರದ ವಸ್ತುವಲ್ಲ.

ಗಂಟಿನ ತೋರಣವನ್ನು ಬಿಚ್ಚಿ, ಒಗೆದು, ಮತ್ತೆ ಕಟ್ಟಬಹುದು. ನಮ್ಮದು ಈಗ ಅದೇ ಟ್ರಂಕಿನಲ್ಲಿದೆ. ಮನೆಯಲ್ಲಿ ಯಾವ ಶುಭಕಾರ್ಯವಾದರೂ ಅದನ್ನು ಹೊರತೆಗೆಯುವವಳು ಅಕ್ಕನೇ. ಆ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡುವುದಿಲ್ಲ.