ಏಳನೆಯ ನಡೆ



ಸುವರ್ಣ ಮಹೋತ್ಸವದಲ್ಲಿ ಚದುರಂಗದ ಮಾತೇಕೆ ಎನ್ನಬೇಡಿ. ನಾನು ಹೇಳುವುದು ಎದುರು ಬದುರು ಕೂರದೆ ಆಡುವ ಅಂಚೆ ಚದುರಂಗದ ವಿಷಯ. ಒಂದು ನಡೆ ಬರೆದು ಕಳಿಸಬೇಕು, ಉತ್ತರಕ್ಕೆ ಕಾಯಬೇಕು. 1828-29ರಲ್ಲಿ ಮದರಾಸಿನವರೂ ಹೈದರಾಬಾದಿನವರೂ ಹೀಗೆ ಪತ್ರದಲ್ಲಿ ಆಡಿದ್ದರು. ಮದರಾಸಿನ ಕಡೆ ಗುಲಾಮ್ ಕಾಸಿಂ ಇದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಈ ಸೀಮೆ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು.

ಬೇರೆ ಬೇರೆ ಭಾಷೆಯವರಿಗೂ ತಿಳಿಯಲೆಂದು ಅಂಚೆ ಆಟದಲ್ಲಿ ನಡೆಗಳನ್ನು ಅಂಕಿಯಲ್ಲಿ ಬರೆಯುವ ಪದ್ಧತಿಯಿದೆ. 3234 ಎಂದರೆ ಎಡದಿಂದ ಮೂರನೆಯ ಸಾಲಿನ ಪ್ಯಾದೆ ಎರಡನೆಯ ಮನೆಯಿಂದ ನಾಲ್ಕನೆಯ ಮನೆಗೆ. ನಡುವಿನ ಪ್ಯಾದೆ ಬಿಟ್ಟು ಪಕ್ಕದ್ದನ್ನು ನೂಕುವ ಈ ಆರಂಭಕ್ಕೆ ಇಂಗ್ಲಿಷ್ ಓಪನಿಂಗ್ ಎಂದು ಹೆಸರು. ಎದುರಾಳಿಯೂ ಅದೇ ಸಾಲಿನಲ್ಲಿ 3735 ಎಂದು ಉತ್ತರಿಸಿದರೆ ಅದು ಸಮರೂಪದ ಆಟ, ಕನ್ನಡಿಯಲ್ಲಿ ಮುಖ ನೋಡಿದಂತೆ.

ಕುಷ್ಟಗಿಯಲ್ಲಿರುವ ನನ್ನ ಸಹಪಾಠಿಯೊಂದಿಗೆ ಹೀಗೊಂದು ಆಟ ಮೊಬೈಲ್ ಸಂದೇಶದಲ್ಲಿ ಆಡಿದೆ. ಕಂಪ್ಯೂಟರನ್ನು ಕೇಳುವಂತಿಲ್ಲ, ಒಂದು ನಡೆಗೆ ಮೂರು ದಿನದ ಗಡುವು. ನಾನು ಕುದುರೆ ಬಿಟ್ಟರೆ ಅವನೂ ಕುದುರೆ. ನಾನು ಒಂಟೆಯನ್ನು ಪಕ್ಕಕ್ಕೆ ತಂದರೆ ಅವನೂ ಒಂಟೆ. ನಾನು ರಾಜನಿಗೆ ಕೋಟೆ ಕಟ್ಟಿದರೆ ಅವನೂ ಕಟ್ಟಿದ. ಆರು ನಡೆ ಹೀಗೇ ಸಾಗಿತು. ಏಳನೆಯದಾಗಿ ನಾನು ವಜೀರನ ಮುಂದಿನ ಪ್ಯಾದೆಯನ್ನು ಎರಡು ಮನೆ ನೂಕಿದೆ: 4244. ಆಗ ಅವನು ಮೂರೂ ದಿನ ತೆಗೆದುಕೊಂಡ. ನಕಲು ಮಾಡಲಿಲ್ಲ, ನನ್ನ ಪ್ಯಾದೆಯನ್ನು ಹೊಡೆದ. ಆಟ ಕೊನೆಗೆ ಡ್ರಾ ಆಯಿತು. ಕೇಳಿದ್ದಕ್ಕೆ ಅವನೆಂದ: “ಆರು ನಡಿ ನಿನ್ನ ನೋಡಿ ಆಡಿದೆ. ಇನ್ನ ನನ್ನ ರಾಜನ್ನ ನಾನ ಕಾಯ್ಕೋಬೇಕಲ್ಲೋ!”

ಮಕ್ಕಳೇ, ನೋಡಿ ಕಲಿಯುವುದು ತಪ್ಪಲ್ಲ. ಅಕ್ಷರ ತಿದ್ದಿದ್ದೂ ಹಾಗೆಯೇ, ನಾವು ಪ್ರೋಗ್ರಾಂ ಬರೆಯಲು ಕಲಿತದ್ದೂ ಹಾಗೆಯೇ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಿಮ್ಮ ಏಳನೆಯ ನಡೆ. ಪಕ್ಕದ ಮನೆಯವರು ವಿಜ್ಞಾನ ತೆಗೆದುಕೊಂಡರೆಂದು ನೀವೂ ತೆಗೆದುಕೊಳ್ಳಬೇಡಿ. ನಾನು ಬಿ.ಇ. ಓದಿ ಈ ವೇದಿಕೆಗೆ ಬಂದೆನೆಂದೂ ಬೇಡ. ಪಿಯುಸಿ, ಡಿಪ್ಲೊಮಾ, ಐಟಿಐ ಎಲ್ಲವನ್ನೂ ವಿಚಾರಿಸಿ. ನಿಮ್ಮ ಆಸಕ್ತಿ, ಮನೆಯ ಪರಿಸ್ಥಿತಿ ನೋಡಿ, ಗುರುಗಳನ್ನು ಕೇಳಿ. ಅರ್ಜಿಗೆ ಕೊನೆಯ ದಿನಾಂಕ ಇರುವುದು ಅಷ್ಟು ದಿನ ಯೋಚಿಸಲಿ ಎಂದೇ. ಆ ದಿನಗಳನ್ನು ಪೂರ್ತಿ ಬಳಸಿ, ಆಮೇಲೆ ಕಾಯಿ ಮುಟ್ಟಿ.