ನಾಲ್ಕು ಹನಿ ಕಹಿ: ಪುಟ್ಟ ಬಾಟಲಿಯ ದೊಡ್ಡ ಕಥೆ

ಇವತ್ತು ಕಹಿ ಬಗ್ಗೆ ಮಾತಾಡೋಣ.

ಬಾರ್ ಕೌಂಟರ್ ಮೇಲೆ ಒಂದು ಪುಟ್ಟ ಬಾಟಲಿ ನೋಡಿರ್ತೀರಾ. ಹಳದಿ ಮುಚ್ಚಳ, ಬಾಟಲಿಗಿಂತ ದೊಡ್ಡ ಲೇಬಲ್. ಅಣ್ಣನ ಅಂಗಿ ಹಾಕ್ಕೊಂಡ ತಮ್ಮನ ಥರ ನಿಂತಿರುತ್ತೆ. ಅದೇ ಅಂಗೊಸ್ಟುರಾ ಬಿಟರ್ಸ್.

ಇದು ಹುಟ್ಟಿದ್ದು ಔಷಧಿಯಾಗಿ. ವೆನೆಜುವೆಲಾದಲ್ಲಿ ಸಿಮೋನ್ ಬೊಲಿವಾರ್ ಸೈನ್ಯಕ್ಕೆ ಯೋಹಾನ್ ಸೀಗರ್ಟ್ ಅನ್ನೋ ಜರ್ಮನ್ ಡಾಕ್ಟರ್ ಇದ್ದರು. ಸೈನಿಕರ ಹೊಟ್ಟೆ ತೊಂದರೆಗೆ ಅಂತ 1824ರಲ್ಲಿ ಈ ಕಷಾಯ ಸಿದ್ಧಪಡಿಸಿದರು. ಊರಿನ ಹೆಸರು ಅಂಗೊಸ್ಟುರಾ. ಈಗ ಅದು ಸಿಯುದಾದ್ ಬೊಲಿವಾರ್. ಅಂಗೊಸ್ಟುರಾ ಅಂತ ಒಂದು ಮರದ ತೊಗಟೆನೂ ಇದೆ, ಆದರೆ ಈ ಬಾಟಲಿಯೊಳಗೆ ಅದಿಲ್ಲ! ಕಹಿ ಬರೋದು ಜೆನ್ಶಿಯನ್ ಬೇರಿನಿಂದ. ಉಳಿದ ಮಸಾಲೆಗಳ ಪಟ್ಟಿ ಇವತ್ತಿಗೂ ಗುಟ್ಟು. 1875ರಲ್ಲಿ ಸೀಗರ್ಟ್ ಕುಟುಂಬ ಟ್ರಿನಿಡಾಡ್‌ಗೆ ಹೋಯಿತು, ಈಗಲೂ ಅಲ್ಲೇ ತಯಾರಾಗುತ್ತೆ.

ಹರ್ಬಲ್ ಲಿಕರ್‌ಗಳೂ ಇದರ ನೆಂಟರೇ. ಫ್ರಾನ್ಸಿನ ಸನ್ಯಾಸಿಗಳು 130 ಗಿಡಮೂಲಿಕೆ ಹಾಕಿ ಮಾಡೋ ಶಾರ್ಟ್ರೂಸ್ ಇದೆಯಲ್ಲ, ಅದಕ್ಕೆ ಸಿಹಿ ಬೆರೆಸಿರ್ತಾರೆ. ಹಾಗೇ ಗ್ಲಾಸಿಗೆ ಹಾಕಿ ಕುಡೀಬಹುದು. ಬಿಟರ್ಸ್ ಹಾಗಲ್ಲ, ಅದರದ್ದು ಹನಿ ಲೆಕ್ಕ. ವಿಸ್ಕಿ, ಸಕ್ಕರೆ, ಎರಡು-ಮೂರು ಹನಿ ಬಿಟರ್ಸ್ ಸೇರಿದರೆ ಓಲ್ಡ್ ಫ್ಯಾಶನ್ಡ್. ಜಿನ್‌ಗೆ ಬಿದ್ದರೆ ಪಿಂಕ್ ಜಿನ್. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕ್ತೀವಲ್ಲ, ಹಾಗೇ ಇದು. ಬೇರೆ ರುಚಿಗಳನ್ನ ಎತ್ತಿಕೊಡುತ್ತೆ. ಯುಗಾದಿಯ ಬೇವು-ಬೆಲ್ಲ ತಿಂದು ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಈಗ ಮುಖ್ಯ ವಿಷಯ. ನನ್ನ ಗೆಳೆಯನೊಬ್ಬ ಕುಡಿತ ಬಿಟ್ಟು ಎರಡು ವರ್ಷ ಆಗಿತ್ತು. ಒಂದು ಪಾರ್ಟಿಯಲ್ಲಿ 'ಮಾಕ್‌ಟೇಲ್' ಅಂತ ಲೈಮ್ ಸೋಡಾ ಕೊಟ್ಟರು. ಅರ್ಧ ಕುಡಿದ ಮೇಲೆ ಕೇಳಿದ, "ಈ ಕೆಂಪು ಬಣ್ಣ ಏನು?" "ಬಿಟರ್ಸ್ ಸರ್, ನಾಲ್ಕೇ ಹನಿ." ಆ ಬಾಟಲಿಯಲ್ಲಿರೋದು ಶೇಕಡಾ 44.7 ಆಲ್ಕೋಹಾಲ್, ನಮ್ಮ ಮಾಮೂಲಿ ವಿಸ್ಕಿಯಲ್ಲಿರೋದು 42.8. ನಾಲ್ಕು ಹನಿಗೆ ನಶೆ ಏರಲ್ಲ, ನಿಜ. ಆದರೆ ಅವನು ಲೆಕ್ಕ ಇಡ್ತಿದ್ದಿದ್ದು ನಶೆಯನ್ನಲ್ಲ, ಕೊಟ್ಟ ಮಾತನ್ನ. ಗ್ಲಾಸ್ ಕೆಳಗಿಟ್ಟು ಮನೆಗೆ ಹೊರಟುಬಿಟ್ಟ.

ಅದಕ್ಕೇ ಹೇಳೋದು. ಕುಡಿಯೋದು ಬಿಟ್ಟವರು, ಗರ್ಭಿಣಿಯರು, ಧರ್ಮದ ಕಾರಣಕ್ಕೆ ಮುಟ್ಟದವರು ಆರ್ಡರ್ ಮಾಡೋಕೆ ಮುಂಚೆ ಒಂದು ಮಾತು ಕೇಳಿ: "ಇದರಲ್ಲಿ ಬಿಟರ್ಸ್ ಇದೆಯಾ?" ಪಾರ್ಟಿ ಕೊಡೋರು ನೀವಾದರೆ, ಅವರು ಕೇಳೋ ಮೊದಲೇ ಹೇಳಿಬಿಡಿ.