ಮಕ್ಕಳ ಬರಹಕ್ಕೂ ಓದುಗರು ಬೇಕು
(ಕೂಟಗಲ್‌ನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಪ್ರಾಥಮಿಕ ಶಾಲೆಯ ಮಗು ವರ್ಷವಿಡೀ ಬರೆಯುತ್ತಲೇ ಇರುತ್ತದೆ. ಕಾಪಿ, ಉಕ್ತಲೇಖನ, ಪ್ರಶ್ನೋತ್ತರ, ಪ್ರಬಂಧ ಹೀಗೆ ಪುಟಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳನ್ನು ಓದುವವರು ಶಿಕ್ಷಕರೊಬ್ಬರೇ. ಅವರೂ ಓದುವುದು ಬಹುಪಾಲು ತಪ್ಪು ಗುರುತಿಸಲಿಕ್ಕೆ. ಉತ್ತರ ಮೊದಲೇ ತಿಳಿದವರಿಗೆ ಅದೇ ಉತ್ತರವನ್ನು ಬರೆದೊಪ್ಪಿಸುವುದನ್ನು ಬರವಣಿಗೆ ಎನ್ನಬಹುದೇ? ಓದುಗನಿದ್ದಾನೆಂಬ ಅರಿವೇ ಬರೆಯುವವನಲ್ಲಿ ಹೊಣೆಗಾರಿಕೆ ಮೂಡಿಸುತ್ತದೆ ಎಂಬುದನ್ನು ಪತ್ರಿಕೆಯವರಾದ ನಾವು ದಿನವೂ ಕಾಣುತ್ತೇವೆ. ಮಗುವಿನ ವಿಷಯದಲ್ಲೂ ಈ ಮಾತು ಸುಳ್ಳಲ್ಲ.

ಇದನ್ನು ಮನಗಂಡವರಲ್ಲಿ ಫ್ರಾನ್ಸಿನ ಹಳ್ಳಿಶಾಲೆಯ ಶಿಕ್ಷಕ ಸೆಲೆಸ್ತಾಂ ಫ್ರೆನೆ ಪ್ರಮುಖರು. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. ಹೆಚ್ಚು ಹೊತ್ತು ನಿಂತು ಪಾಠ ಹೇಳುವ ಶಕ್ತಿ ಇರಲಿಲ್ಲ. 1924ರಲ್ಲಿ ಅವರು ತರಗತಿಗೆ ಸಣ್ಣ ಮುದ್ರಣಯಂತ್ರವೊಂದನ್ನು ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದರು, ಅಚ್ಚುಮೊಳೆ ಜೋಡಿಸಿದರು, ಮುದ್ರಿಸಿದ ಹಾಳೆಗಳನ್ನು ದೂರದ ಶಾಲೆಯ ಮಕ್ಕಳಿಗೆ ಕಳುಹಿಸಿದರು. ಅಲ್ಲಿಂದಲೂ ಬರಹಗಳು ಬಂದವು. 2000ದ ದಶಕದಲ್ಲಿ ಹಲವು ದೇಶಗಳ ಶಿಕ್ಷಕರು ತರಗತಿಗೆ ಬ್ಲಾಗ್ ತಂದಾಗ ಮಾಡಿದ್ದೂ ಮೂಲತಃ ಇದನ್ನೇ. ಯಂತ್ರ ಬದಲಾಯಿತು, ತತ್ವ ಬದಲಾಗಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕರ್ನಾಟಕದಲ್ಲೇ ದುಡಿಯುವ ಮಕ್ಕಳ ಭೀಮ ಸಂಘವು ಭೀಮ ಪತ್ರಿಕೆ ಎಂಬ ಗೋಡೆ ಪತ್ರಿಕೆಯನ್ನು ನಡೆಸಿತು. ತಮ್ಮ ಬದುಕಿನ ಸುದ್ದಿಗೆ ತಾವೇ ವರದಿಗಾರರಾಗಬಲ್ಲೆವು ಎಂದು ಆ ಮಕ್ಕಳು ತೋರಿಸಿಕೊಟ್ಟರು.

ರಾಮನಗರದ ಸೀಮೆಯಲ್ಲಿ ನಿಂತು ಈ ಮಾತನ್ನು ಹೇಳುವುದಕ್ಕೆ ಕಾರಣವಿದೆ. ಇದು ರೇಷ್ಮೆಯ ನಾಡು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಲುಕಿದ ಮಕ್ಕಳ ಕುರಿತು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಮಕ್ಕಳ ಪಾಡೂ ಇತ್ತು. ಅಂಥ ವರದಿಗಳು ಅಗತ್ಯವೇ. ಆದರೆ ಯೋಚಿಸಿ: ನಮ್ಮ ಮಕ್ಕಳ ಬಗ್ಗೆ ಇತರರು ಬರೆದರು, ಅಧಿಕಾರಿಗಳು ಬರೆದರು, ಪತ್ರಕರ್ತರಾದ ನಾವೂ ಬರೆದೆವು. ಮಕ್ಕಳು ತಾವೇ ಬರೆಯಲು ನಾವು ಎಷ್ಟು ಜಾಗ ಬಿಟ್ಟೆವು?

ಮನೆಯಲ್ಲಿ ಉರ್ದು ಮಾತಾಡುವ ಮಗುವಿಗೆ ಕನ್ನಡವೆಂದರೆ ಪರೀಕ್ಷೆಯ ಭಾಷೆ, ಬಾಯಿಪಾಠದ ಭಾಷೆ ಆಗಿಬಿಡುವ ಅಪಾಯವಿದೆ. ಅದೇ ಮಗು ಗೂಡಿನ ಮಾರುಕಟ್ಟೆಯ ಹರಾಜು, ಬಿಳಿ ಗೂಡಿಗೂ ಹಳದಿ ಗೂಡಿಗೂ ಇರುವ ಬೆಲೆಯ ಅಂತರ, ನೂಲು ಬಿಚ್ಚುವಾಗ ಬಿಸಿನೀರಿಗೆ ಕೈ ಇಡುವ ಅಮ್ಮನ ಬೆರಳುಗಳು ಇವುಗಳ ಬಗ್ಗೆ ಬರೆದರೆ? ರೈತನ ಮಗಳು ಹಿಪ್ಪುನೇರಳೆ ಸೊಪ್ಪಿನ ಬಗ್ಗೆ, ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡುವ ರಾತ್ರಿಯ ಬಗ್ಗೆ ಬರೆದರೆ? ಆಗ ಒಂದೇ ಬೆಂಚಿನ ಈ ಇಬ್ಬರು ಒಬ್ಬರ ಮನೆಯನ್ನು ಇನ್ನೊಬ್ಬರು ಓದುತ್ತಾರೆ. ಸೌಹಾರ್ದದ ಬಗ್ಗೆ ವೇದಿಕೆಗಳಲ್ಲಿ ನಾವು ಮಾಡುವ ಭಾಷಣಗಳಿಗಿಂತ ಈ ಓದು ಹೆಚ್ಚು ಫಲಕಾರಿ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು ಡ್ರಾಯಿಂಗ್ ಶೀಟ್, ಅಂಟು, ಮಕ್ಕಳ ಕಣ್ಣಿನ ಎತ್ತರದಲ್ಲಿ ಒಂದಿಷ್ಟು ಗೋಡೆ ಸಾಕು. ಸಂಪಾದಕ ಮಂಡಳಿಯಲ್ಲಿ ಪ್ರತಿ ಸಂಚಿಕೆಗೂ ಬೇರೆ ಮಕ್ಕಳಿರಲಿ. ಅಂದವಾದ ಅಕ್ಷರದವರದೇ ಸ್ವತ್ತಾಗುವುದು ಬೇಡ. ತಪ್ಪುಗಳು ಗೋಡೆಗೇರಿದರೆ ಮರ್ಯಾದೆಯ ಪ್ರಶ್ನೆಯಲ್ಲವೇ ಎಂದು ನೀವು ಕೇಳಬಹುದು. ಮೊದಲು ಮಗು ಹೇಳಿದ್ದನ್ನು ಓದಿ, ‘ಆಮೇಲೆ ಏನಾಯಿತು?’ ಎಂದು ಕೇಳಿ. ಕಾಗುಣಿತವನ್ನು ಎರಡನೇ ಪ್ರತಿಯಲ್ಲಿ, ಇಬ್ಬಿಬ್ಬರು ಕುಳಿತು ತಿದ್ದಲಿ. ಓದುಗನಿಗಾಗಿ ತಿದ್ದಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ಅಂತರ್ಜಾಲಕ್ಕೆ ಏರಿಸುವ ಮುನ್ನ ಮಾತ್ರ ಎಚ್ಚರವಿರಲಿ. ಮಗುವಿನ ಪೂರ್ಣ ಹೆಸರು, ಭಾವಚಿತ್ರ, ಮನೆಯ ಗುಟ್ಟು ಹೊರಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಪಾಲಕರ ಒಪ್ಪಿಗೆಯನ್ನು ಮುಂದಿಟ್ಟಿದೆ. ಗೋಡೆಯ ಓದುಗ ಪರಿಚಿತ, ಜಾಲದ ಓದುಗ ಯಾರೆಂದು ತಿಳಿಯದು. ಬಡತನವನ್ನು ಬರೆದ ಮಗು ಯಾರದೋ ಕರುಣೆಯ ಪ್ರದರ್ಶನಕ್ಕೆ ವಸ್ತುವಾಗಬಾರದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗುವನ್ನು ಭಯಮುಕ್ತಗೊಳಿಸಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಅಂದರೆ ಇದು ಬಿಡುವಿದ್ದಾಗ ಮಾಡುವ ಹವ್ಯಾಸವಲ್ಲ, ಕಾನೂನು ಒಪ್ಪಿಸಿದ ಕರ್ತವ್ಯ.

ಪಾಲಕರಿಗೆ ನಮ್ಮದೊಂದು ವಿನಂತಿ. ಶಾಲೆಗೆ ಬಂದಾಗ ಅಂಕಪಟ್ಟಿಗೆ ಸಹಿ ಹಾಕಿ ಹೊರಟುಬಿಡಬೇಡಿ. ಗೋಡೆಯ ಮುಂದೆ ಒಂದು ಕ್ಷಣ ನಿಲ್ಲಿ. ಓದಲು ಬಾರದಿದ್ದರೆ ಮಗುವಿನಿಂದಲೇ ಓದಿಸಿ ಕೇಳಿ. ಏಳನೆಯ ತರಗತಿಗೇ ಮಗಳ ಓದು ನಿಲ್ಲಿಸಬೇಕೆಂದಿರುವ ತಂದೆ, ಆ ತೀರ್ಮಾನಕ್ಕೆ ಮೊದಲು ಅವಳು ಬರೆದದ್ದನ್ನು ಒಮ್ಮೆ ಕೇಳಿಸಿಕೊಳ್ಳಲಿ. ತನ್ನ ಮಾತಿಗೆ ಕಿವಿಯುಂಟು ಎಂದು ಬಾಲ್ಯದಲ್ಲೇ ಅರಿತ ಪೀಳಿಗೆ ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಬಲ್ಲದು, ಅರ್ಜಿ ಬರೆಯಲು ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲಲಾರದು. ಆ ಪೀಳಿಗೆಯ ಮೊದಲ ಓದುಗರು ನೀವಾಗಿರಿ.